ಮೊದಲ ಬಾಗಿಲು

ನಮ್ಮ ಬೀದಿಗೆ ಬರುವ ಮಾರ್ಮನ್ ಎಂಬ ಕ್ರೈಸ್ತ ಪಂಥದ ಧರ್ಮಪ್ರಚಾರಕನಿಗೆ ಇಪ್ಪತ್ತು ತುಂಬಿರಲಾರದು. ಆದರೂ ಎದೆಯ ಮೇಲಿನ ಪುಟ್ಟ ಕಪ್ಪು ನಾಮಫಲಕದಲ್ಲಿ ಅವನ ಪದವಿ ‘ಹಿರಿಯ’. ಅವನ ಬಿಳಿ ಅಂಗಿಯ ಇಸ್ತ್ರಿ ಗೆರೆಯಿಂದ ತರಕಾರಿ ಹೆಚ್ಚಬಹುದು. ಜೊತೆಗಾರನೊಬ್ಬ ಸದಾ ಪಕ್ಕದಲ್ಲಿರಬೇಕೆಂಬುದು ಅವರ ನಿಯಮವಾದ್ದರಿಂದ, ಪಾಪ, ಒಂಟಿಯಾಗಿ ಅಳುವುದಕ್ಕೂ ಅವನಿಗೆ ಅನುಕೂಲವಿಲ್ಲ. ಕಾಫಿ ಕೊಟ್ಟರೆ, ತಮ್ಮ ಮತದಲ್ಲಿ ಅದು ನಿಷಿದ್ಧವೆಂದು ನೀರು ಕೇಳುತ್ತಾನೆ. ಯಾರಾದರೂ ಮುಖದ ಮೇಲೆ ಬಾಗಿಲು ಹಾಕಿಕೊಂಡರೆ ಆ ಬಾಗಿಲಿಗೇ ಧನ್ಯವಾದ ಹೇಳುತ್ತಾನೆ. ‘ನಮ್ಮ ದೇವರು ನಮಗಿದ್ದಾನೆ, ನೀನು ಕೂತು ನೀರು ಕುಡಿ ಮಗಾ’ ಎಂದು ನನ್ನಾಕೆ ಮೊದಲ ದಿನವೇ ಹೇಳಿದ್ದಳು. ಒಂದು ಬೆಳಗ್ಗೆ ಅವನು ನಮ್ಮ ಗೇಟಿನ ಬಳಿ ಕಂಬದಂತೆ ನಿಂತುಬಿಟ್ಟ. ‘ಬಾಗಿಲು ತಟ್ಟೋಕೆ ಇವನಿಗೆ ಕೈಯೇ ಏಳ್ತಾ ಇಲ್ಲ ಮೇಷ್ಟ್ರೇ, ಊರಿಗೆ ವಾಪಸ್ ಹೋಗ್ತೀನಿ ಅಂತಾನೆ’ ಎಂದ ಜೊತೆಗಾರ. ನನ್ನಾಕೆ ತೆರೆದೇ ಇದ್ದ ಬಾಗಿಲನ್ನು ಮುಚ್ಚಿ ಒಳಗಿನಿಂದ ಕೂಗಿದಳು: ‘ತಟ್ಟಪ್ಪಾ, ತೆಗೆಯೋಕೆ ಅಂತಾನೇ ನಿಂತಿದೀನಿ.’ ಬಹಳ ಹೊತ್ತಿನ ಮೇಲೆ ಮೆಲ್ಲಗೆ ಸದ್ದಾಯಿತು. ಅವನು ಊರಿಗೆ ಹೋಗಲಿಲ್ಲ. ನಾವು ಅವನ ಮತಕ್ಕೂ ಸೇರಲಿಲ್ಲ. ಅಂದಿನಿಂದ ಅವನು ದಿನವೂ ಮೊದಲು ತಟ್ಟುವುದು ನಮ್ಮ ಬಾಗಿಲನ್ನೇ. ನಿವೃತ್ತನಾದ ಮೇಲೆ ಹಾಸಿಗೆ ಬಿಟ್ಟೇಳಲು ಕಾರಣ ಹುಡುಕುತ್ತಿದ್ದ ನಾನು, ಅವನ ಪುಣ್ಯದಿಂದ, ಈಗ ಬೇಗನೆ ಮುಖ ತೊಳೆದು, ಒಗೆದ ಅಂಗಿ ತೊಟ್ಟು, ಬಾಗಿಲು ಮುಚ್ಚಿಕೊಂಡು ಒಳಗೆ ಕಾಯುತ್ತೇನೆ.