ನಾನು ನುಂಗಿದ ಒಂದು ‘ಬರ್ತೇನಿ’

ಹೊಟ್ಟೆಕಿಚ್ಚು ಪಾಪ ಎಂದು ಇಳಕಲ್ಲಿನ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಹೇಳಿಕೊಡುವವಳೇ ನಾನು. ಅದೇ ಹೊಟ್ಟೆಕಿಚ್ಚನ್ನು ಕೀನ್ಯಾದವರೆಗೆ ಹೊತ್ತು, ವಾಪಸು ಮನೆಗೂ ಹೊತ್ತು ತಂದವಳು ನಾನೇ.

ಅಲ್ಲಿನ ಒಂದು ಹಳ್ಳಿಗೆ ನಮ್ಮ ಸಭೆಯಿಂದ ಐದು ಜನ ಹತ್ತು ದಿನದ ಸೇವೆಗೆ ಹೋಗುವುದೆಂದು ಠರಾವಾದಾಗ ಮೊದಲು ಕೈ ಎತ್ತಿದ್ದು ನಾನು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ನನ್ನನ್ನು ಬಿಟ್ಟರೆ ಇನ್ಯಾರು? ಅಲ್ಲಿ ಹೇಳಬೇಕಾದ ಸಾಕ್ಷಿಯನ್ನು, ಅಂದರೆ ದೇವರು ನನ್ನ ಬಾಳಿನಲ್ಲಿ ಮಾಡಿದ್ದನ್ನೆಲ್ಲ, ಇಂಗ್ಲಿಷಿನಲ್ಲಿ ಬರೆದು, ಒಂದು ತಿಂಗಳು ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದೆ. ಖರೆ ಹೇಳಬೇಕೆಂದರೆ ನನಗೆ ಬೇಕಿದ್ದುದು ಒಂದೇ. ಹೊರಟು ಬರುವ ದಿನ ಆ ಊರಿನಲ್ಲಿ ಒಬ್ಬರಾದರೂ ನನಗಾಗಿ ಅಳಬೇಕು.

ಅಷ್ಟರಲ್ಲಿ ನಮ್ಮ ಪಾಸ್ಟರು, “ಅಲ್ಲಿ ಹೆಣ್ಮಕ್ಕಳಿಗೆ ಹೊಲಿಗಿ ಕಲಿಸಾಕ ಒಬ್ರು ಬೇಕ್ರಿ. ನಿಮ್ಮ ನೆಗೆಣ್ಣಿನೂ ಬರ್ಲಿ” ಎಂದರು.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಹಿಂದಿನ ಓಣಿಯಲ್ಲಿ ಅವಳ ಮನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಸೀರೆಗಳಿಗೆ ಕಸೂತಿ ಹಾಕುತ್ತಾ ಬಂದವಳು. ನಾನು ಬಡಿದ ರೊಟ್ಟಿ ಹರಿದು ನಕಾಶೆಯಾಗುತ್ತದೆಂದು ದಿನಾ ಸಂಜೆ ನಮಗೂ ಅವಳೇ ರೊಟ್ಟಿ ತಂದುಕೊಡುತ್ತಿದ್ದಳು. “ಅಯ್ಯ, ನಂಗೆಲ್ಲಿ ಇಂಗ್ಲಿಷ್ ಬರ್ತೈತ್ರಿ ಅಕ್ಕಾ!” ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಮಳ್ಳಿ ಮಳ್ಳಿ, ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು ಅಂದಳಂತೆ. ಅಂಥವಳು ಇವಳು ಎಂದು ಒಳಗೊಳಗೇ ಬೈದುಕೊಂಡೆ.

ನಮ್ಮಿಬ್ಬರನ್ನು ಅಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಇಳಿಸಿದರು. ಗಂಡ, ಮಕ್ಕಳು ಯಾರೂ ಇಲ್ಲದ ಅಜ್ಜಿ. ನೆಗೆಣ್ಣಿ ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತರಬೇಕು, ಅಲ್ಲಿನ ಪಾಸ್ಟರು ಅದನ್ನು ತಮ್ಮ ಮಾತಿನಲ್ಲಿ ಅಜ್ಜಿಗೆ ಹೇಳಬೇಕು. ಮೊದಲ ದಿನ ನಾನು ಸಾಕ್ಷಿ ಹೇಳಿದೆ. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಜನ ಚಪ್ಪಾಳೆ ತಟ್ಟಿ ಎದ್ದುಹೋದರು.

ಅದೇ ಸಂಜೆ ನೆಗೆಣ್ಣಿ ಅಜ್ಜಿಯ ಅಡುಗೆಮನೆಯಲ್ಲಿ ಗೋವಿನಜೋಳದ ಹಿಟ್ಟು ಕಂಡಳು. ಬಿಸಿನೀರು ಹಾಕಿ ನಾದಿ, ಒಂದು ತಟ್ಟೆ ಬೋರಲು ಹಾಕಿ ಪಟಪಟ ರೊಟ್ಟಿ ಬಡಿಯತೊಡಗಿದಳು. ಸಪ್ಪಳ ಕೇಳಿ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಅಜ್ಜಿ ಅವಳ ಕೈಮೇಲೆ ಕೈಯಿಟ್ಟು ತಾನೂ ಬಡಿದಳು. ಏನು ನಗು, ಏನು ಕೇಕೆ! ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. ಒಂದು ತಿಂಗಳು ಕನ್ನಡಿಯ ಮುಂದೆ ನಿಂತವಳು ನಾನು, ಗೆದ್ದದ್ದು ಅವಳ ರೊಟ್ಟಿ.

ನಾಲ್ಕನೆಯ ದಿನ ಅಲ್ಲಿನ ಪಾಸ್ಟರು ನನಗೆ, “ದೇವರು ತನಗೆ ಒಬ್ಬ ಮಗಳನ್ನು ಕೊಟ್ಟ ಎನ್ನುತ್ತಿದ್ದಾಳೆ ಅಜ್ಜಿ, ನಿಮ್ಮ ತಂಗಿಗೆ ಹೇಳಿ” ಎಂದರು.

“ಏನಂತರಿ ಅಕ್ಕಾ?” ನೆಗೆಣ್ಣಿ ಕೇಳಿದಳು.

“ರೊಟ್ಟಿ ಚಲೋ ಆಗ್ಯಾವಂತ” ಎಂದೆ.

ಹೊರಡುವ ದಿನ ಬಂತು. ಜೀಪು ಬಂದು ನಿಂತಿತ್ತು. ಅಜ್ಜಿ ನೆಗೆಣ್ಣಿಯ ಎರಡೂ ಕೈ ಹಿಡಿದುಕೊಂಡು ಅಳುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅಜ್ಜಿ ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನೆಗೆಣ್ಣಿ ಕಣ್ಣೊರೆಸಿಕೊಂಡು, “ಯವ್ವಾ, ಹೋಗಿ ಬರ್ತೇನಿ” ಎಂದಳು.

ನಮ್ಮಲ್ಲಿ ಯಾರೂ ಬರೀ ‘ಹೋಗ್ತೇನಿ’ ಅನ್ನುವುದಿಲ್ಲ. ಬಸ್ಸಿಗೆ ಓಡುವವರೂ ‘ಬರ್ತೇನ್ರಿ’ ಎಂದೇ ಓಡುತ್ತಾರೆ. ಬರೀ ಹೋಗುವವರು ಸತ್ತವರು, ಇಲ್ಲವೇ ಜಗಳ ಮಾಡಿಕೊಂಡವರು. ಇದು ನನಗೆ ಗೊತ್ತಿಲ್ಲದ್ದಲ್ಲ. ಅಲ್ಲಿನ ಪಾಸ್ಟರು ಅರ್ಥಕ್ಕಾಗಿ ನನ್ನ ಮುಖ ನೋಡಿದರು. “ಶಿ ಈಸ್ ಗೋಯಿಂಗ್” ಎಂದೆ, ಅಷ್ಟೇ.

ಅವರು ಅದನ್ನು ಅಜ್ಜಿಗೆ ಹೇಳಿದರು. ಅಜ್ಜಿ ನೆಗೆಣ್ಣಿಯ ಮುಖವನ್ನೇ ಒಂದು ಗಳಿಗೆ ನೋಡಿ, ಕೈ ಬಿಟ್ಟು ಒಳಗೆ ಹೋದಳು. ಮತ್ತೆ ಬರುತ್ತೇವೋ ಇಲ್ಲವೋ, ಸುಳ್ಳು ಆಸೆ ಯಾಕೆ ಹಚ್ಚಬೇಕು ಎಂದು ಜೀಪಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಸುಳ್ಳು ಆಸೆ! ಹೊಟ್ಟೆ ಉರಿದಿತ್ತು, ಅದಕ್ಕೇ ಹಾಗೆ ಹೇಳಿದೆ.

“ಅಜ್ಜಿ ಯಾಕ್ರಿ ಹಂಗ ಒಳಗ ಹೋದ್ಳು?” ನೆಗೆಣ್ಣಿ ಕೇಳಿದಳು.

“ವಯಸ್ಸಾಗೈತಲ್ಲ, ನಿಂತು ಕಾಲು ನೊಂದಿರ್ಬೇಕು.”

ಅವಳು ಕುತ್ತಿಗೆ ಹೊರಳಿಸಿ ಅಜ್ಜಿಯ ಮನೆಯ ಕಡೆಗೇ ನೋಡುತ್ತಾ ಕೂತಳು.

ಊರಿಗೆ ಬಂದ ಮೊದಲ ಭಾನುವಾರ ಸಭೆಯ ಮುಂದೆ ವರದಿ ಒಪ್ಪಿಸಿದವಳು ನಾನು. ಹೊರಡುವಾಗ ಅಜ್ಜಿಯೊಬ್ಬಳು ನಮ್ಮ ಕೈ ಹಿಡಿದು ಅತ್ತಳು ಎಂದೆ. ‘ನಮ್ಮ’ ಎಂಬ ಮಾತಿನ ಮೇಲೆ ಸ್ವಲ್ಪ ಒತ್ತು ಕೊಟ್ಟೇ ಹೇಳಿದೆ. ಮೂರನೆಯ ಸಾಲಿನಲ್ಲಿ ಕೂತಿದ್ದ ನೆಗೆಣ್ಣಿ ತಲೆ ತಗ್ಗಿಸಿದಳು.

ಸಂಜೆ ಎಂದಿನಂತೆ ರೊಟ್ಟಿ ತಂದಳು. ಬುಟ್ಟಿ ಇಟ್ಟವಳು ಕೂರಲಿಲ್ಲ.

“ಅಕ್ಕಾ, ನಾ ಹೋಗಿ ಬರ್ತೇನಿ ಅಂದಿದ್ದೆ. ನೀವು ಗೋಯಿಂಗ್ ಅಂದ್ರಿ. ಕಮಿಂಗ್ ಎಲ್ಲಿ ಹೋತ್ರಿ?”

“ಇಂಗ್ಲಿಷ್‌ನ್ಯಾಗ ಹಂಗ ಅನ್ನೂದಿಲ್ಲವ್ವಾ. ಅದರ ವ್ಯಾಕರಣನ ಬ್ಯಾರೆ…”

“ಇಷ್ಟು ದಿನ ನೀವ ಹೇಳ್ತೀರಂತ ಕಾದ್ನಿ” ಎಂದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ; ಅವಳು ಬೈಯಲಿಲ್ಲ. ಹಿಂದಿನ ದಿನದ ಖಾಲಿ ಬುಟ್ಟಿ ಎತ್ತಿಕೊಂಡು ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟಿದಳು. ಈ ಮನೆತನಕ್ಕೆ ಸೊಸೆಯಾಗಿ ಬಂದಾಗಿನಿಂದ ಆ ಹೊಸ್ತಿಲಲ್ಲಿ ದಿನಾ ‘ಬರ್ತೇನ್ರಿ ಅಕ್ಕಾ’ ಎಂದೇ ಇಳಿದವಳು.

“ಹೋಗ್ತೇನ್ರಿ” ಎಂದಳು.

ಹೊಸ್ತಿಲಿಗೆ ಓಡಿ ಬಂದು, “ಹಂಗ ಅನಬ್ಯಾಡವ್ವಾ, ಹೋಗಿ ಬಾ!” ಎಂದು ಕೂಗಿದೆ. ಅವಳು ತಿರುಗಿ ನೋಡಲಿಲ್ಲ. ಮರುದಿನದಿಂದ ರೊಟ್ಟಿ ನಾನೇ ಬಡಿಯುತ್ತಿದ್ದೇನೆ.