ನಾಲ್ಕು ಬಾಗಿಲಿನ ಅಕ್ಕ

ತನ್ನ ಪುಟ್ಟ ಕಾರಿನಲ್ಲಿ ಓಣಿಯ ಮಕ್ಕಳನ್ನು ಶಿಶುವಿಹಾರಕ್ಕೆ ಬಿಟ್ಟು ಕರೆತರುವುದೇ ಅವಳ ಹೊಟ್ಟೆಪಾಡು. ಮಕ್ಕಳು ಹತ್ತುವ ಮುನ್ನ ನಾಲ್ಕೂ ಬಾಗಿಲು ತೆಗೆದು ಮುಚ್ಚಿ, ‘ಟಕ್’ ಎಂಬ ಸದ್ದು ಕಿವಿಗೆ ಬಿದ್ದರೇ ಸಮಾಧಾನ. ಅದಕ್ಕೇ ತಾಯಂದಿರು ಇಟ್ಟ ಹೆಸರು ನಾಲ್ಕು ಬಾಗಿಲಿನ ಅಕ್ಕ.

ಆ ಮಧ್ಯಾಹ್ನ ಮಕ್ಕಳನ್ನು ಕರೆತರಲು ಖಾಲಿ ಕಾರಿನಲ್ಲಿ ಹೊರಟವಳು ಕೆಂಪು ದೀಪಕ್ಕೆ ನಿಂತಿದ್ದಳು. ಧಡಾರ್! ದೊಡ್ಡ ಕಾರೊಂದು ಹಿಂದಿನ ಮೂಲೆಗೆ ಗುದ್ದಿತು. ಕೈಕಾಲು ನೆಟ್ಟಗಿವೆಯೆಂದು ನೋಡಿಕೊಂಡು ಇಳಿದಳು. ಗುದ್ದಿದಾತ ಟೈ ಕಟ್ಟಿದ ಸಾಹೇಬ. ಮುಖವೆಲ್ಲ ಬೆವರು, ಅಳುವುದೊಂದು ಬಾಕಿ.

“ಅಳಬಾರ್ದು ಪುಟ್ಟ, ಏನೂ ಆಗಿಲ್ಲ,” ಎಂದುಬಿಟ್ಟಳು, ಅಭ್ಯಾಸಬಲ!

ಸಾಹೇಬ ಅಷ್ಟನ್ನೇ ಹಿಡಿದುಕೊಂಡ. “ಏನೂ ಆಗಿಲ್ಲ ಅಂತ ನೀವೇ ಹೇಳಿದ್ರಲ್ಲ ಮೇಡಂ! ಪೊಲೀಸು, ಇನ್ಶೂರೆನ್ಸು ಅಂತ ಯಾಕೆ ತಲೆನೋವು? ಇದನ್ನ ಇಟ್ಕೊಳ್ಳಿ, ಇಲ್ಲೊಂದು ಸೈನ್ ಹಾಕ್ಬಿಡಿ.”

ನೋಟಿನ ಕಂತೆ. ಜೊತೆಗೆ ಅವಸರದಲ್ಲಿ ಗೀಚಿದ ಚೀಟಿ: ‘ಪೂರ್ತಿ ಪರಿಹಾರ ಸಿಕ್ಕಿದೆ, ಮುಂದೆ ಏನೂ ಕೇಳುವುದಿಲ್ಲ.’

ಅವಳ ಎರಡು ತಿಂಗಳ ದುಡಿಮೆ ಅದು. ಬಂಪರಿನಲ್ಲಿ ಕಂಡದ್ದು ಅಂಗೈಯಗಲದ ತಗ್ಗು ಮಾತ್ರ. ಪೆನ್ನು ಕೈಗೆ ಬಂದೇಬಿಟ್ಟಿತು. ಆದರೂ “ಒಂದ್ನಿಮಿಷ” ಎಂದು ಬಾಗಿಲುಗಳತ್ತ ನಡೆದಳು. ಟಕ್, ಟಕ್, ಟಕ್. ಗುದ್ದಿದ ಮೂಲೆಯ ನಾಲ್ಕನೆಯದಕ್ಕೆ ಸದ್ದೇ ಇಲ್ಲ. ಒತ್ತಿದರೆ ಮುಚ್ಚಿದಂತೆ ಕಂಡು, ಬೆರಳು ತಾಕಿದರೆ ತೆರೆದುಕೊಂಡಿತು. ಅಲ್ಲಿ ಕೂರುವ ಮೂರು ವರ್ಷದ ತುಂಟಿ ದಿನಾ ಬಾಗಿಲಿಗೊರಗಿಯೇ ತೂಕಡಿಸುವವಳು!

ಪೆನ್ನು ಹಿಂದಕ್ಕೆ ಕೊಟ್ಟಳು. ಗ್ಯಾರೇಜು ನಡೆಸುವ ಭಾವನಿಗೆ ಫೋನು ಹೋಯಿತು.

“ಬಾಗಿಲು ಕಚ್ಚಿಕೊಳ್ಳೋ ಒಳಗಿನ ಕಂಬ ಬಾಗಿರಬೇಕು ಕಣೇ. ಬಿಚ್ಚಿ ನೋಡೋ ತನಕ ನಂಗೇ ಗೊತ್ತಾಗಲ್ಲ, ಅವರಿಗೆ ಹೇಗೆ ರೇಟು ಗೊತ್ತಾಯ್ತು? ಸೈನ್ ಗೀನ್ ಹಾಕಿದ್ಯೋ, ನಿನ್ನ ಅಕ್ಕನ ಆಣೆ, ಗ್ಯಾರೇಜಿನ ಗೇಟು ದಾಟಿಸಲ್ಲ!”

“ದುಪ್ಪಟ್ಟು ಕೊಡ್ತೀನಿ,” ಎಂದ ಸಾಹೇಬ. “ಇದು ನಮ್ಮ ಮನೆಯವಳ ಕಾರು. ಗೊತ್ತಾದ್ರೆ ನನ್ನ ಕಥೆ ಮುಗೀತು.”

“ಹೆದರ್ಬೇಡಿ, ಅವರ ಹತ್ರ ನಾನೇ ಮಾತಾಡ್ತೀನಿ. ಬಿಚ್ಚಿ ನೋಡಿದ ಮೇಲೆ ದುಡ್ಡಿನ ಮಾತು. ಈಗ ಲೈಸೆನ್ಸು, ಇನ್ಶೂರೆನ್ಸ್ ಪತ್ರ ತೆಗೀರಿ.”

ಚಕಚಕನೆ ಫೋಟೋ ತೆಗೆದಳು, ಪೊಲೀಸರಿಗೂ ತಿಳಿಸಿದಳು, ಮಕ್ಕಳನ್ನು ಕರೆದೊಯ್ಯಲು ತಾಯಂದಿರಿಗೂ ಹೇಳಿದಳು. ಚೀಟಿಯನ್ನು ಸಾಹೇಬನ ಜೇಬಿಗೇ ತುರುಕಿದಳು.

ಮಾರನೆಯ ದಿನ ಬಿಚ್ಚಿದಾಗ ಕಂಬವೂ ಬಾಗಿತ್ತು, ಮಕ್ಕಳ ಸೀಟಿನ ಕೊಂಡಿಯೂ ಬಿರುಕು ಬಿಟ್ಟಿತ್ತು. ಖರ್ಚು ಆ ಕಂತೆಯ ಐದು ಪಟ್ಟು. ಆ ದೊಡ್ಡ ಕಾರಿನ ಇನ್ಶೂರೆನ್ಸಿನವರೇ ಕಟ್ಟಿದರು. ರಿಪೇರಿ ಮುಗಿಯುವ ಎರಡು ವಾರವೂ ಅವಳು ಮಕ್ಕಳನ್ನು ಸಾಲಾಗಿ ನಡೆಸಿಕೊಂಡೇ ಹೋದಳು. ಕಲ್ಲು ಆರಿಸುವುದೇನು, ನಾಯಿಗೆ ಟಾಟಾ ಮಾಡುವುದೇನು! ಕೊನೆಯ ದಿನ ತುಂಟಿ ಅವಳ ಕೈ ಜಗ್ಗಿದಳು:

“ಅಕ್ಕಾ, ಆ ಅಂಕಲ್‌ಗೆ ಇನ್ನೊಂದ್ಸಲ ಗುದ್ದೋಕೆ ಹೇಳ್ತೀಯಾ?”