ಹಾಯಿಗೆ ಇಟ್ಟ ನಾಲ್ಕು ಕಿಂಡಿ

ಸುಂಕದಕಟ್ಟೆಯಲ್ಲಿ ಅಪ್ಪನದು ಶಾಮಿಯಾನ ಹೊಲಿಯುವ ಅಂಗಡಿ. ವಿಜಯನಗರದ ಒಂದು ಮದುವೆಯ ದಿನ ಬಿರುಗಾಳಿ ಎದ್ದು ಪಕ್ಕದ ಬೀದಿಯ ಪೆಂಡಾಲೇ ಹಾರಿಹೋದರೂ ಅಪ್ಪ ಹೊಲಿದದ್ದು ಜಗ್ಗಲಿಲ್ಲ. ಆ ಮದುವೆಗೆ ಕರಾವಳಿಯಿಂದ ಬಂದಿದ್ದ ಒಬ್ಬರು ಮಾರನೆಯ ದಿನ ಅಂಗಡಿ ಹುಡುಕಿಕೊಂಡು ಬಂದರು. ಅವರಲ್ಲಿ ಹಳೇ ಮಂಜಿಯೊಂದಿತ್ತು, ಹಿಂದೆ ಹೆಂಚು ಸಾಗಿಸುತ್ತಿದ್ದ ದೊಡ್ಡ ಹಾಯಿದೋಣಿ. ಈಗ ಅದರಲ್ಲಿ ಪ್ರವಾಸಿಗರನ್ನು ಬೆಳಿಗ್ಗೆ ಸಮುದ್ರಕ್ಕೆ ಕರೆದೊಯ್ದು ಸಂಜೆಗೆ ದಡ ಸೇರಿಸುತ್ತಿದ್ದರು. ಹಾಯಿ ಹರಿದುಹೋಗಿತ್ತು. "ನಿಮ್ಮ ಹೊಲಿಗೆ ಕಂಡೆ ಮಾರಾಯ್ರೆ, ನೀವೇ ಮಾಡಿಕೊಡಬೇಕು," ಅಂದರು.

ಸಮುದ್ರವನ್ನೇ ನೋಡಿರದ ಅಪ್ಪ ಒಪ್ಪಿಕೊಂಡ. "ಗೊತ್ತಿಲ್ಲದ ಕೆಲಸ ಯಾಕ್ರೀ," ಅಂತ ಅಮ್ಮ ಎರಡು ದಿನ ಗೊಣಗಿದಳು. ಎದುರಿನ ಖಾಲಿ ಸೈಟಿನಲ್ಲಿ ಬಟ್ಟೆ ಹರಡಿ ಅಪ್ಪ, ನಾನು ಇಬ್ಬರೂ ಹೊಲಿದೆವು. ನಾನಾಗ ಪಿಯುಸಿ ಸೈನ್ಸ್. ಬಾಯಿ ಸ್ವಲ್ಪ ಜೋರೇ ಇತ್ತು.

"ಅಪ್ಪಾ, ಶಾಮಿಯಾನಕ್ಕೆ ಗಾಳಿಕಿಂಡಿ ಇಡ್ತೀಯಲ್ಲ, ಇದಕ್ಯಾಕಿಲ್ಲ? ಸಮುದ್ರದ ಗಾಳಿ ಇನ್ನೂ ಜೋರು. ನಾಲ್ಕು ಇಡು."

"ಅವ್ರು ಹೇಳ್ಲಿಲ್ವಲ್ಲೇ. ಎಸ್‌ಟಿಡಿ ಬೂತಿಂದ ಒಂದು ಮಾತು ಕೇಳ್ಬಿಡ್ತೀನಿ."

"ಸೈನ್ಸ್ ಓದ್ತಿರೋಳು ನಾನಾ, ನೀನಾ?"

ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅಪ್ಪನಿಗೆ ನಾನು ಕಾಲೇಜು ಸೇರಿದ ಮೇಲೆ ನನ್ನ ಮಾತೇ ವೇದವಾಗಿತ್ತು. ಕತ್ತರಿ ಎತ್ತಿಕೊಂಡು ಮಾರುದ್ದದ ನಾಲ್ಕು ಕಿಂಡಿ ತೆಗೆದ. ಕಿಂಡಿಗಳ ಅಂಚನ್ನು ನಾನೇ ಎರಡೆರಡು ಸಲ ಹೊಲಿದೆ, ಬೀಗುತ್ತಾ.

ಹಾಯಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋದೆವು. ಹೊಸ ಹಾಯಿಯ ಮೊದಲ ದಿನ ನೀವೂ ಜೊತೆಗಿರಬೇಕು ಅಂತ ದೋಣಿಯ ಯಜಮಾನರು ಹೇಳಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಇಪ್ಪತ್ತು ಜನ ಪ್ರವಾಸಿಗರ ಮುಂದೆ ಹಾಯಿ ಮಡಿಕೆ ಬಿಚ್ಚಿಕೊಳ್ಳುತ್ತಾ ಮೇಲೇರಿತು, ಒಮ್ಮೆ ಪಟಪಟ ಅಂದಿತು, ಜೋತುಬಿತ್ತು. ಕಿಂಡಿಗಳಿಂದ ಗಾಳಿ ಸರಾಗವಾಗಿ ಆಚೆ ಹೋಗುತ್ತಿತ್ತು. ದೋಣಿ ಕದಲಲಿಲ್ಲ.

"ಏನ್ ಗುರು, ಕಿಟಕಿ ಬೇರೆ ಇಟ್ಟವ್ರೆ!" ಅಂತ ಯಾರೋ ಅಂದ. ಎಲ್ಲರೂ ನಕ್ಕರು. ಅವನನ್ನು ನೀರಿಗೆ ತಳ್ಳಿಬಿಡುವಷ್ಟು ಸಿಟ್ಟು ಬಂತು ನನಗೆ.

"ಇದನ್ನು ಇಡ್ಲಿಕ್ಕೆ ಹೇಳಿದ್ದು ಯಾರು?" ಯಜಮಾನರ ದನಿ ಸಣ್ಣಗಿತ್ತು.

"ನಾನೇ ಸಾರ್. ನಂಗೆ ಗೊತ್ತಾಗ್ಲಿಲ್ಲ," ಅಂದ ಅಪ್ಪ. ಕಿವಿಯವರೆಗೆ ಕೆಂಪಾಗಿದ್ದ. ನಾನು ಬಾಯಿ ಬಿಡಲಿಲ್ಲ. ಅಷ್ಟು ಜನರ ಮುಂದೆ ನನಗೆ ಧೈರ್ಯ ಸಾಲಲಿಲ್ಲ, ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಸೂಜಿ ದಾರ ಯಾವಾಗಲೂ ಅಪ್ಪನ ಚೀಲದಲ್ಲಿರುತ್ತಿತ್ತು, ಹಾಯಿಯಲ್ಲಿ ಮಿಕ್ಕ ಬಟ್ಟೆಯೂ ಅದರಲ್ಲೇ ಇತ್ತು. ಹಾಯಿ ಇಳಿಸಿ ಹಲಗೆಗಳ ಮೇಲೆ ಹರಡಿದರು. ಪ್ರವಾಸಿಗರು ಬನ್ಸು ತಿನ್ನುತ್ತಾ ಕುಳಿತರು. ನಾವಿಬ್ಬರೂ ಮಂಡಿಯೂರಿ ಕಿಂಡಿ ಮುಚ್ಚಿದೆವು, ಎರಡು ಅಪ್ಪ, ಎರಡು ನಾನು. ದೋಣಿ ತೂಗುವಾಗ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮತ್ತೆ ಹಾಯಿ ಏರಿಸಿದರು. ದಡಾರನೆ ಉಬ್ಬಿತು, ದೋಣಿ ಮುಂದಕ್ಕೆ ಜಿಗಿಯಿತು. "ಹಿಡ್ಕೊಳ್ರೋ!" ಅಂತ ಕೂಗಿ ಅಪ್ಪ ಹಗ್ಗಕ್ಕೆ ಜೋತುಬಿದ್ದ. ಗಾಳಿಗೆ ಬಟ್ಟೆ ಉಬ್ಬಿದರೆ ಪೆಂಡಾಲು ಹಾರುತ್ತದೆ ಅನ್ನುವುದಷ್ಟೇ ಅವನ ಕೈಗಳಿಗೆ ಗೊತ್ತಿತ್ತು.

"ಬಿಡಿ ಮಾರಾಯ್ರೆ, ಅದು ಹಾಗೇ ಉಬ್ಬಬೇಕು," ಅಂತ ಯಜಮಾನರು ಹೊಟ್ಟೆ ಹಿಡಿದು ನಕ್ಕರು. ಅಪ್ಪ ಹಗ್ಗ ಬಿಟ್ಟು ತಲೆಯೆತ್ತಿ ನೋಡಿದ. ಮಗುವಿನ ಹಾಗೆ ಅರಳಿದ ಅಂಥ ಮುಖವನ್ನು ನಾನು ಅವನಲ್ಲಿ ಅದುವರೆಗೆ ಕಂಡಿರಲಿಲ್ಲ.

ಯಜಮಾನರು ಮುಚ್ಚಿದ ಜಾಗಗಳನ್ನು ದಿಟ್ಟಿಸಿದರು. "ಒಂದೂ ಜಗ್ಗಲಿಲ್ಲ ನೋಡಿ. ಯಾರ ಕೈ ಇದು?"

"ನನ್ ಮಗಳದು," ಅಂದ ಅಪ್ಪ.

ನನಗೆ ತಡೆಯಲಾಗಲಿಲ್ಲ. "ಕಿಂಡಿ ಇಡ್ಸಿದ್ದೂ ನಾನೇ ಅಂಕಲ್. ಅಪ್ಪ ಕೇಳ್ತೀನಿ ಅಂದಿದ್ರು, ನಾನೇ ಬೇಡ ಅಂದೆ," ಅಂತ ಅತ್ತುಬಿಟ್ಟೆ.

"ಕತ್ತರಿ ಹಾಕಿದ್ದು ನಾನು ಕಣೇ, ಸುಮ್ನಿರು," ಅಂದ ಅಪ್ಪ. ಸೂಜಿ ಚುಚ್ಚಿದ್ದ ನನ್ನ ಬೆರಳುಗಳನ್ನು ಸಂಜೆ ದಡ ಸೇರುವವರೆಗೂ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ.